ಡಬ್ಬಿಯ ತಳದ ಹದಿನಾರು ಪುಟ

ಶೇಖಪ್ಪನ ತ್ರಾಸಿಗೆಲ್ಲ ಮೂಲ, ರಟ್ಟು ಹರಿದುಹೋಗಿದ್ದ ಒಂದು ಕಾದಂಬರಿ.

ದಾಂಡೇಲಿಯ ಕಾಗದದ ಗಿರಣಿಯಲ್ಲಿ ಅವನಿಗೆ ರದ್ದಿ ಗೋದಾಮಿನ ಕೆಲಸ. ಊರೂರುಗಳಿಂದ ಬಂದ ಹಳೆಯ ಕಾಗದ ಆರಿಸಿ ಕುದಿಯುವ ತೊಟ್ಟಿಗೆ ಕಳಿಸಬೇಕು. ಹನ್ನೆರಡು ದಿನದ ಹಿಂದೆ ಒಂದು ಗಂಟಿನಲ್ಲಿ ಆ ಪುಸ್ತಕ ಸಿಕ್ಕಿತು. ಅದರ ಹೆಸರೇನೋ, ಬರೆದವರಾರೋ ತಿಳಿಯದು. ನಿಂತಲ್ಲೇ ನಾಲ್ಕು ಸಾಲು ಓದಿದ. ಬೆನ್ನ ಮೇಲೆ ಹಲ್ಲಿ ಹರಿದಂತಾಯಿತು.

ಕೆಲಸದ ಹೊತ್ತಿನಲ್ಲಿ ಓದುವುದು ಕಳ್ಳತನ ಎಂದು ಅವನ ಮನಸ್ಸು. ಮನೆಗೆ ಒಯ್ಯೋಣವೆಂದರೆ ಗಿರಣಿಯ ಕಾಯ್ದೆ: ರದ್ದಿಯ ಒಂದು ಚೂರು ಗೇಟು ದಾಟಿದರೂ ನೌಕರಿ ಹೋಯಿತು. ಕಡೆಗೆ ಒಂದು ದಾರಿ ಕಂಡುಕೊಂಡ. ದಿನಕ್ಕೆ ಹದಿನಾರು ಪುಟ ಬಿಚ್ಚಿ ಊಟದ ಡಬ್ಬಿಯ ತಳಕ್ಕೆ ಮಡಚಿಟ್ಟು ಒಯ್ಯುವುದು, ಓದಿ ಮರುದಿನ ಅದೇ ಗಂಟಿಗೆ ವಾಪಸು ಹಾಕುವುದು. ಹಾಗಾದರೆ ಅದು ಕದ್ದದ್ದಲ್ಲ, ಕಡ ತಂದದ್ದು. ಈ ಲೆಕ್ಕ ಸರಿಯೋ ತಪ್ಪೋ ಎಂದು ಅವನು ದಿನಾ ಗೇಟಿನ ತನಕ ಯೋಚಿಸುತ್ತಿದ್ದ.

ಕತೆಯಲ್ಲಿ ವಾಮನರಾಯ ಎಂಬವನೊಬ್ಬ. ಅವನ ಮನೆಯಲ್ಲಿ ಸಾಮಾನುಗಳು ತಾವೇ ಜಾಗ ಬದಲಿಸುತ್ತವೆ. ಬಲಗಡೆ ಮೊಳೆಯಲ್ಲಿದ್ದ ಕೀಲಿ ಎಡಗಡೆ ಮೊಳೆಗೆ ಬರುತ್ತದೆ. ಹೆಂಡತಿ ನಳಿನಿ ದಿನಾ ಸಂಜೆ ನಗುತ್ತ ಕಷಾಯ ಕೊಡುತ್ತಾಳೆ; ಅದರಲ್ಲಿ ವಿಷವಿದೆಯೆಂದು ಅವನ ಸಂಶಯ. ಬಾಗಿಲ ಹಿಂದೆ ಯಾರೋ ಉಸಿರಾಡುತ್ತಾರೆ.

ಇದನ್ನೆಲ್ಲ ಓದಿ ಪುಸ್ತಕ ಮಡಚಿದರೆ ಮುಗಿಯಿತಲ್ಲ! ಆದರೆ ನಾಲ್ಕನೆಯ ದಿನದಿಂದ ಶೇಖಪ್ಪನ ಅಂಬೇವಾಡಿಯ ಮನೆಯಲ್ಲೂ ಅದೇ ಶುರುವಾಯಿತು. ನಡುಮನೆಯ ಕಂದೀಲು ದಿನಕ್ಕೊಂದು ಮೊಳ ಹಿತ್ತಲ ಬಾಗಿಲ ಕಡೆಗೆ ಸರಿಯತೊಡಗಿತು. ಹೆಂಡತಿ ಮಹಾದೇವಕ್ಕ, ಮದುವೆಯಾದ ಒಂಬತ್ತು ವರ್ಷದಲ್ಲಿ ಕೇಳದವಳು, "ಏನ್ರಿ, ಕಷಾಯ ಕುಡೀತೀರೇನ್ರಿ?" ಎಂದು ಕೇಳತೊಡಗಿದಳು. ಅವಳೂ, ಬಾಜೂಮನೆಯ ರುಕ್ಮಾಳೂ, ಎದುರುಮನೆಯ ಹಜರಾಬಿಯೂ ತಲೆಗೆ ತಲೆ ಹಚ್ಚಿ ಪಿಸುಗುಡುವರು. ಶೇಖಪ್ಪನ ಚಪ್ಪಲಿ ಸಪ್ಪಳ ಕೇಳಿದರೆ ಮಾತು ಬತ್ತಿ ಇಳಿಸಿದ ದೀಪದ ಹಾಗೆ ಸಣ್ಣಗಾಗುತ್ತಿತ್ತು.

ಇವತ್ತು ಮುಂಜಾನೆ ಎದ್ದು ನೋಡುತ್ತಾನೆ, ದಿನಾ ಬಲಗಡೆ ಇರುವ ಮನೆಯ ಕೀಲಿ ಎಡಗಡೆ ಮೊಳೆಯಲ್ಲಿ.

"ಇದನ್ನ ಇಲ್ಲಿ ಯಾರ ಹಾಕಿದ್ರು?" ಎಂದ. ದನಿ ಅವನದೇ ಎಂದು ಅನಿಸಲಿಲ್ಲ.

ಮಹಾದೇವಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದಳು. "ನಾ ಮುಟ್ಟಿಲ್ರಿ," ಎಂದಳು. ಆಮೇಲೆ ಮೆಲ್ಲಗೆ, "ಇವತ್ತ ಲಗೂನ ಬರ್ತೀರೇನು?"

ನಿನ್ನೆಯ ಪುಟಗಳು ನಿಂತದ್ದು ಹೀಗೆ: 'ನಳಿನಿ ಲೋಟವನ್ನು ಮುಂದೆ ಹಿಡಿದಳು. ಬಾಗಿಲ ಹಿಂದಿನ ಉಸಿರು ಒಮ್ಮೆಲೇ ನಿಂತಿತು.' ಉಳಿದದ್ದು ಕೊನೆಯ ಹದಿನಾರು ಪುಟ. ವಾಮನರಾಯ ಕುಡಿದನೋ ಇಲ್ಲವೋ, ಅದು ತಿಳಿದರೆ ತಾನು ಏನು ಮಾಡಬೇಕೆಂದೂ ತಿಳಿದೀತು. ಶೇಖಪ್ಪನಿಗೆ ಅದು ಈಗ ಕತೆಯಲ್ಲ, ಜೀವದ ಪ್ರಶ್ನೆ.

ಐದಕ್ಕೆ ಗಿರಣಿಯ ಭೋಂಗಾ ಕೂಗಿತು. ಗೇಟಿನಲ್ಲಿ ಜಮಾದಾರ ಸೋಮಾ ನಿಂತಿದ್ದ. ದಿನಾ ಕೈಚೀಲ ಮುಟ್ಟಿ ನೋಡಿ ಬಿಡುವವನು ಇವತ್ತು ಡಬ್ಬಿಗೇ ಕೈ ಹಾಕಿದ. ಒಂದನೆಯ ಅಂತಸ್ತು ತೆಗೆದ. ಎರಡನೆಯದು ತೆಗೆದ. ಮೂರನೆಯದರಲ್ಲಿ ಹದಿನಾರು ಪುಟ.

ಸೋಮಾ ಪುಟ ನೋಡಿದ. ಶೇಖಪ್ಪನನ್ನು ನೋಡಿದ. ಡಬ್ಬಿ ಮುಚ್ಚಿ ಕಿವಿಯ ಹತ್ತಿರ ಬಗ್ಗಿದ.

"ಇವತ್ತ ಮುಗೀತದಲ್ರಿ, ಶೇಖಪ್ಪನವರ?"

"ಏ... ಏನು?"

"ಹೋಗ್ರಿ, ಹೋಗ್ರಿ. ಮನ್ಯಾಗ ಎಲ್ಲಾರೂ ಕಾಯಾಕ ಹತ್ಯಾರ."

ಸೋಮಾ ಎಂದರೆ ಬಾಜೂಮನೆಯ ರುಕ್ಮಾಳ ಗಂಡ. ಹಾಗಾದರೆ ಇವನೂ ಅವರ ಪೈಕಿಯೇ! ಕಾಳಿ ಹೊಳೆಯ ಕಡೆಯಿಂದ ಮಂಜು ಏರಿ ಬರುತ್ತಿತ್ತು. ಚೀನಾದ ಕೂಡ ಯುದ್ಧ ನಿಂತು ತಿಂಗಳಾಗಿತ್ತು. ಜನ ಮಾತಾಡಲು ಬೇರೆ ವಿಷಯ ಹುಡುಕುತ್ತಿದ್ದರು, ಆದರೆ ಅಂಬೇವಾಡಿಯ ಓಣಿಯಲ್ಲಿ ಇವತ್ತು ಯಾರೂ ಮಾತಾಡುತ್ತಿರಲಿಲ್ಲ. ಹಜರಾಬಿಯ ಬಾಗಿಲು ಹಾಕಿತ್ತು. ರುಕ್ಮಾಳ ಬಾಗಿಲೂ ಹಾಕಿತ್ತು. ಅವನ ಬಾಗಿಲು ಮಾತ್ರ ತೆರೆದಿತ್ತು.

ಒಳಗೆ ಕಂದೀಲು ಹಿತ್ತಲ ಬಾಗಿಲಿಗೆ ಪೂರಾ ಅಂಟಿಕೊಂಡಿತ್ತು. ಪಕ್ಕದಲ್ಲಿ ಅವನು ಕೂಡಲು ಚಾಪೆ. ಮಹಾದೇವಕ್ಕ ಲೋಟ ಮುಂದೆ ಹಿಡಿದಳು. ಹಬೆ ಏಳುತ್ತಿತ್ತು.

"ಕುಡೀರಿ. ಇವತ್ತ ಒಂದ ಹನೀನೂ ಉಳಿಸಬ್ಯಾಡ್ರಿ."

ಶೇಖಪ್ಪ ಪುಟಗಳನ್ನು ತೆಗೆದು ಚಾಪೆಯ ಮೇಲಿಟ್ಟ. ಆಗ ಕೇಳಿಸಿತು. ಹಿತ್ತಲ ಬಾಗಿಲ ಹಿಂದೆ ಉಸಿರು. ಒಂದಲ್ಲ, ಮೂರೋ ನಾಲ್ಕೋ. ಅವನು ಆ ಕಡೆ ತಿರುಗಿದೊಡನೆ ಅಷ್ಟೂ ಉಸಿರು ಒಮ್ಮೆಲೇ ನಿಂತವು.

"ಕುಡಿಯಾಂಗಿಲ್ಲ!" ಎಂದು ಚೀರಿ ಲೋಟ ಬಡಿದ. ಅಷ್ಟೂ ಕಷಾಯ ಹದಿನಾರು ಪುಟಗಳ ಮೇಲೆ ಸುರಿಯಿತು.

"ಅಯ್ಯಯ್ಯ! ಕತಿ ಹೋತು!" ಹಿತ್ತಲ ಬಾಗಿಲು ದಡಾರನೆ ತೆರೆದು ರುಕ್ಮಾ, ಹಜರಾಬಿ, ಅವಳ ಅತ್ತೆ ಒಬ್ಬರ ಮೇಲೊಬ್ಬರು ಒಳಗೆ ಬಿದ್ದರು.

"ಯಾ ಅಲ್ಲಾ! ಭಾಯಿ, ಇದೇನ ಮಾಡಿದ್ರಿ!" ಹಜರಾಬಿ ತಲೆಯ ಮೇಲೆ ಕೈ ಹೊತ್ತಳು. "ಎಂಟ ಒಂಬತ್ತ ದಿನದಿಂದ ಛಳ್ಯಾಗ ಹಿತ್ತಲದಾಗ ಕುಂತೇವಿ!"

ಸಂಗತಿ ಇಷ್ಟೇ. ಶೇಖಪ್ಪ ಓದು ಕಲಿತದ್ದು ರಾತ್ರಿ ಶಾಲೆಯಲ್ಲಿ. ಬಾಯಿ ಬಿಟ್ಟು ಓದದಿದ್ದರೆ ಅವನ ತಲೆಗೆ ಹತ್ತದು. ಮನಸ್ಸಿನಲ್ಲೇ ಓದುತ್ತಿದ್ದೇನೆ ಎಂದು ಅವನು ತಿಳಿದಿದ್ದ. ಓಣಿಯೇ ಕೇಳುತ್ತಿತ್ತು.

"ಸುಮ್ಮನ ಕೇಳೂದ ಬಿಟ್ಟು ಇದೆಲ್ಲಾ ಯಾಕ?" ಎಂದ ಅವನು, ಅಳು ಬರುವ ದನಿಯಲ್ಲಿ.

"ಗೊತ್ತಾದ್ರ ನೀವು ನಾಚಿ ಬಿಟ್ಟಬಿಡತಿದ್ರಿ," ಎಂದಳು ಮಹಾದೇವಕ್ಕ. "ರದ್ದೀ ಧೂಳಿಗೆ ಕೆಮ್ಮು ನಿಮಗ. ಛಲೋ ಮಾತ ಬಂದಾಗ ಕೆಮ್ಮು ನುಂಗಿ ಬಿಡತಿತ್ತು. ದನಿ ತಿಳಿಯಾಗ್ಲಿ ಅಂತ ಕಷಾಯ. ಇವರಿಗೆ ಕೇಳಸ್ಲಿ ಅಂತ ಕಂದೀಲು ಸರಿಸಿದೆ."

ಹೆಂಡತಿ ವಿಷ ಹಾಕಲಿಲ್ಲವೆಂಬ ಸಂತೋಷಕ್ಕೆ ಶೇಖಪ್ಪನಿಗೆ ನಗು ಬಂತು. ಅವನೊಂದಿಗೆ ಯಾರೂ ನಗಲಿಲ್ಲ. ರುಕ್ಮಾ ಪುಟಗಳನ್ನು ಎತ್ತಿದರೆ ಅಂಬಲಿಯಾಗಿ ಜಾರಿದವು. ನಡುವೆ ಒಂದು ಹಾಳೆಯ ತುದಿ ಮಾತ್ರ ನೆನೆಯದೆ ಉಳಿದಿತ್ತು.

"ಓದ್ರಿ ಅಣ್ಣಾರ! ವಿಷಾ ಹಾಕಿದವರು ಯಾರು?"

ಓದು ಬರುವವನು ಅಲ್ಲಿ ಅವನೊಬ್ಬನೇ. ಏನು ಹೇಳಿದ್ದರೂ ನಂಬುತ್ತಿದ್ದರು. ಆದರೆ ಅಕ್ಷರ ಕಂಡೊಡನೆ ರೂಢಿಯಂತೆ ಬಾಯಿ ತಾನೇ ತೆರೆಯಿತು.

"'ಸಂಶಯವೆಲ್ಲ ಗಂಡನ ಸೋಗು. ನಳಿನಿಗೆಂದು ವಿಷ ಬೆರೆಸಿದವನು ವಾಮನರಾಯನೇ. ತಾನೇ ಕುಡಿಯಬೇಕಾಗಿ ಬಂದಾಗ ಅವನು ಲೋಟವನ್ನು ಬಡಿದು ಚೆಲ್ಲಿದ, ಅದರಿಂದಲೇ ಸಿಕ್ಕಿಬಿದ್ದ.'"

ಎಲ್ಲರೂ ನೆಲದ ಮೇಲಿನ ಲೋಟ ನೋಡಿದರು. ಆಮೇಲೆ ಅವನನ್ನು ನೋಡಿದರು.

"ಏ, ಅದು ಕತಿರಿ!" ಎಂದ ಶೇಖಪ್ಪ.

"ಹೌದ್ರಿ, ಕತೀನ," ಎಂದಳು ರುಕ್ಮಾ, ಹಿಂದೆ ಸರಿಯುತ್ತ. "ಮಾದೇವಕ್ಕ, ಇವತ್ತ ಒಂದ ದಿನ ನಮ್ಮನ್ಯಾಗ ಮಕ್ಕೋ ಬಾ."

"ನೀನೂ ನಂಬ್ತೀಯೇನ?" ಶೇಖಪ್ಪ ಹೆಂಡತಿಯನ್ನು ಕೇಳಿದ.

"ಇಲ್ರಿ, ಹಂಗೇನಿಲ್ಲ," ಎಂದಳು. ಹೊಸಿಲು ದಾಟಿ ನಿಂತು ಕೇಳಿದಳು: "ಖರೇ ಹೇಳ್ರಿ. ಆ ಕೀಲಿ ನಾ ಮುಟ್ಟಿಲ್ಲ. ಮತ್ಯಾರ ಹಾಕಿದ್ರು?"

ಅವಳು ಹೋದ ಮೇಲೆ ಶೇಖಪ್ಪ ಬಾಗಿಲಿಗೆ ಕೀಲಿ ಹಾಕಿದ. ನಾಳೆ ಗಂಟಿಗೆ ಏನು ವಾಪಸು ಹಾಕುವುದು ಎಂಬ ಯೋಚನೆಯಲ್ಲೇ ಗೋಡೆಯ ಕಡೆ ಕೈ ಚಾಚಿದ. ನೋಡುತ್ತಾನೆ, ಕೈ ತಾನಾಗಿ ಎಡಗಡೆ ಮೊಳೆಗೆ ಕೀಲಿ ಸಿಕ್ಕಿಸುತ್ತಿದೆ.

ಕೆಮ್ಮು ಒತ್ತಿ ಬಂತು. ಒಲೆ ಹೊತ್ತಿಸಿ, ಜೀರಿಗೆ, ಶುಂಠಿ, ಬೆಲ್ಲ ಹಾಕಿ ತಾನೇ ಕಷಾಯ ಕಾಸಿದ. ಲೋಟಕ್ಕೆ ಸೋಸಿ ತುಟಿಯ ತನಕ ತಂದ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ಕೂತ.

ಆಮೇಲೆ ಎದ್ದು ಹೋಗಿ ಹಿತ್ತಲಿಗೆ ಚೆಲ್ಲಿ ಬಂದ. ಅದರಲ್ಲಿ ಏನಿದೆಯೋ ಹೇಳಲಿಕ್ಕಾಗದು ಅನಿಸಿತು. ಕಾಸಿದವನನ್ನು ಅವನು ಅಷ್ಟು ಬಲ್ಲವನಲ್ಲ.