ಬಸವಯ್ಯ ಹೇಳಿದ ಮಳೆ

ಜವರಮ್ಮನ ಮಗಳು ಅರ್ಪಿತಳ ಮದುವೆಗೆ ಸಂಡಿಗೆ ಇಡಬೇಕಿತ್ತು. ತೊಂದರೆ ಶುರುವಾದದ್ದು ಅಲ್ಲಿಂದ.

ನಂಜನಗೂಡಿನ ಆ ಬೀದಿಯಲ್ಲಿ ಸಂಡಿಗೆ ಇಡುವ ಮೊದಲು ಬಸವಯ್ಯನನ್ನು ಕೇಳುವುದು ವಾಡಿಕೆ. ತಾಂಡ್ಯದ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲು ನಿಂತು, ಆಕಾಶ ನೋಡಿ ನೋಡಿಯೇ ಹೋದ ವರ್ಷ ರಿಟೈರ್ ಆದವನು ಅವನು. ದಿನಾ ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಬಿಸಿಲೋ ಮಳೆಯೋ ಹೇಳಿಯೇ ಸೈಕಲ್ ಹತ್ತುತ್ತಿದ್ದ. ಬೀದಿಯ ಸಂಡಿಗೆ ಒಂದು ವರ್ಷವೂ ನೆನೆದದ್ದಿಲ್ಲ ಎಂಬುದು ಅವನ ಹೆಮ್ಮೆ.

ದೀಪಾವಳಿಗೆ ಮುಂಚೆ ಹೆಂಡತಿ ಶಿವನಂಜಮ್ಮ ತೀರಿಕೊಂಡಳು. ಆಮೇಲೆ ಅವನು ತಲೆಯೆತ್ತುವುದನ್ನೇ ಬಿಟ್ಟಿದ್ದ. ಎತ್ತಿದ್ದರೂ ಕಾಲದ ಗುರುತು ಹತ್ತುತ್ತಿರಲಿಲ್ಲವೇನೋ. ಶಿವರಾತ್ರಿಗೆ ಶಿವಶಿವಾ ಅಂತ ಹೋಗಬೇಕಾದ ಚಳಿ ಸಂಕ್ರಾಂತಿಗೇ ಹೇಳದೆ ಕೇಳದೆ ಹೊರಟುಹೋಗಿತ್ತು. ಹಿತ್ತಲ ಮಾವು ಹೂ ಬಿಟ್ಟು, ಉದುರಿಸಿ, ಏನೋ ಮರೆತವರಂತೆ ಮತ್ತೆ ಹೂ ಬಿಟ್ಟಿತ್ತು.

"ಅಣ್ಣಾ, ಈವತ್ತು ಸಂಡಿಗೆ ಇಕ್ಕವಾ? ಮಳೆಗಿಳೆ ಬಂದದಾ?" ಜವರಮ್ಮ ಬೆಳಿಗ್ಗೆ ನಾಲ್ಕು ಜನ ಹೆಂಗಸರೊಂದಿಗೆ ಬಾಗಿಲಿಗೆ ಬಂದು ಕೇಳಿದಳು.

ಬಸವಯ್ಯ ಅಂಗಳಕ್ಕೆ ಬಂದು, ಎಷ್ಟೋ ತಿಂಗಳ ಮೇಲೆ ಆಕಾಶ ನೋಡಿದ. "ಅಶ್ವಿನಿ ಮಳೆ ಉಟ್ಟಾಕೇ ಇನ್ನೂ ವಾರ ಅದೆ ಕಣವ್ವ. ಧೈರ್ಯವಾಗಿ ಇಕ್ಕಿ. ಒಂದು ಹನಿ ಬೀಳಾಕಿಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸುಮ್ಮನೆ ಹಿಟ್ಟು ಬೇಯಿಸಿ ತಂದು, ಬೀದಿಗೆಲ್ಲ ದೊಡ್ಡದಾದ ಬಸವಯ್ಯನ ತಾರಸಿಯ ಮೇಲೆ ಹಳೇ ಪಂಚೆಗಳನ್ನು ಹಾಸಿ ಸಂಡಿಗೆ ಒತ್ತಿದರು.

ಮಧ್ಯಾಹ್ನ ಕಪಿಲಾ ಹೊಳೆಯ ಆಚೆ, ಮಲಗಿದ್ದ ಎಮ್ಮೆ ಎದ್ದು ನಿಂತ ಹಾಗೆ, ಒಂದು ಮೋಡ ಎದ್ದಿತು. ಪಕ್ಕದ ಮನೆಯ ನಂಜುಂಡೇಶ್ ಕಾಂಪೌಂಡಿನಿಂದ ಕೂಗಿದ: "ಬಸವಯ್ಯನೋರೇ, ಮೋಡ ಕಣ್ರೀ!"

"ಅದು ನರಸೀಪುರದ ಕಡೆ ಓಯ್ತದೆ ಬುಡಿ."

"ಇತ್ಲಾಗೇ ಬತ್ತಾ ಅದಲ್ರೀ!"

"ದಾರಿ ತಪ್ಪಿ ಬತ್ತಾ ಅದೆ. ತಿರುಗ್ತದೆ ಬುಡಿ."

ಜವರಮ್ಮ ಓಡಿ ಬಂದು ಪಂಚೆಯ ತುದಿಗೆ ಕೈ ಹಾಕಿದಳು. "ಮುಟ್ಕೂಡ್ದು! ನಾನಿವ್ನಿ," ಅಂದ ಬಸವಯ್ಯ. ಅವಳು ಅವನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಮೋಡ ದಾರಿ ತಪ್ಪಿರಲಿಲ್ಲ. ಮೊದಲು ಬಂದ ಗಾಳಿ ಒಂದು ಪಂಚೆಯನ್ನು ಎತ್ತಿ ನಂಜುಂಡೇಶನ ಟೀವಿ ಆಂಟೆನಾಗೆ ಉಡಿಸಿತು. ಹಿಂದೆಯೇ ಆನೆಕಲ್ಲು ಮಳೆ. ಟಾರ್ಪಾಲು ಹಿಡಿದು ಓಡಿದ ಬಸವಯ್ಯ ಜಾರಿ, ಸಂಡಿಗೆಯ ನಟ್ಟನಡುವೆ ಮದುವಣಿಗನ ಹಾಗೆ ಕೂತುಬಿಟ್ಟ. ಉಳಿದ ಸಂಡಿಗೆ ಮತ್ತೆ ಗಂಜಿಯಾಗಿ ತಾರಸಿಯ ಕೊಳವೆಯಿಂದ ಬೀದಿಗೆ ಸುರಿಯಿತು. ಬೀದಿನಾಯಿಗಳು ಮದುವೆಗೆ ಮುಂಚೆಯೇ ಪಂಕ್ತಿಗೆ ಕೂತವು.

ಸಂಜೆ ಅವನು ಜವರಮ್ಮನ ಜಗಲಿಗೆ ಹೋದ. "ತಪ್ಪಾಯ್ತು ಕಣವ್ವ. ಕಾಲವೇ ಕೆಟ್ಟೋಗದೆ. ಮೊದ್ಲು ನನ್ನ ಮಾತು ಒಂದಿನನಾದ್ರೂ ಸುಳ್ಳಾಗಿತ್ತಾ?"

ಜವರಮ್ಮ ತಡೆದು ತಡೆದು ಹೇಳಿದಳು: "ಬೇಜಾರ್ ಮಾಡ್ಕಬೇಡಿ ಅಣ್ಣಾ. ಒಂದಿನನಾದ್ರೂ ನಿಜವಾಗಿತ್ತಾ ಅಂತ ಕೇಳಿ."

ಬಸವಯ್ಯ ಜಗಲಿಯ ತುದಿಗೆ ಕೂತ.

"ನೀವು ಡ್ಯೂಟಿಗೆ ಓದೇಟ್ಗೆ ಅತ್ಗೆ ಇತ್ತಿಲ ಬಾಗ್ಲಿಂದ ಬರೋರು. 'ನಮ್ಮನೆಯವ್ರು ಬಿಸ್ಲು ಅಂದವ್ರೆ, ಈವತ್ತು ಇಕ್ಬೇಡಿ' ಅನ್ನೋರು. ನೀವು ಮಳೆ ಅಂದ ದಿನ 'ಇಕ್ಕಿ' ಅನ್ನೋರು. ನಿಮ್ಗೆ ಮಾತ್ರ ಹೇಳ್ಕೂಡ್ದು ಅಂತ ನಮ್ಗೆಲ್ಲಾ ಆಣೆ ಆಕ್ಸಿದ್ರು."

"ಅವಳ್ಗೆ ಮಳೆ ಗುರುತು ಗೊತ್ತಿತ್ತಾ?"

"ಮಳೆದಲ್ಲಣ್ಣಾ. ನಿಮ್ಮ ಗುರುತು."

ಅವನು ಕೇಳಿದ: "ಮತ್ಯಾಕವ್ವ ಈವತ್ತು ಇಕ್ಕಿದ್ರಿ?"

"ಅತ್ಗೆ ಓದ್ಮೇಲೆ ನೀವು ತಲೆ ಎತ್ತಿ ಮಾತಾಡಿದ್ದೇ ಈವತ್ತು. ಬ್ಯಾಡ ಅಂತ ಎಂಗಣ್ಣ ಹೇಳವ?" ಜವರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನಗುವುದಕ್ಕೆ ನೋಡಿದಳು. "ಓಗ್ಲಿ ಬುಡಿ. ನಾಳೆ ತಿರ್ಗಾ ಇಕ್ಬೇಕು. ನಾಳೆ ಎಂಗಣ್ಣಾ?"

ಬಸವಯ್ಯ ಮೇಲೆ ನೋಡಿದ. ತೊಳೆದಿಟ್ಟ ಆಕಾಶ, ಒಂದು ತುಂಡು ಮೋಡವಿಲ್ಲ. ನಾಳೆ ಸುಡುಬಿಸಿಲು ಎಂದು ಮನಸ್ಸು ಖಚಿತವಾಗಿ ಹೇಳಿತು. ಆದರೆ ಬಿಸಿಲು ಅಂದರೆ ಇವರು ಇಡುವುದಿಲ್ಲ. ಆ ಹುಡುಗಿಯ ಮದುವೆಗೆ ತನ್ನಿಂದ ಅಷ್ಟಾದರೂ ಆಗಲಿ ಎಂದುಕೊಂಡು, ಹುಟ್ಟಿದಾಗಿನಿಂದ ಮೊದಲ ಬಾರಿಗೆ ತನ್ನ ಮಾತನ್ನು ತಾನೇ ತಿರುಗಿಸಿದ.

"ನಾಳೆ ಜಡಿಮಳೆ ಕಣವ್ವ."

ಮರುದಿನ ಬೀದಿಯ ಹೆಂಗಸರೆಲ್ಲ ಗೆಲುವಾಗಿ ತಾರಸಿ ತುಂಬ ಸಂಡಿಗೆ ಒತ್ತಿದರು. ಅದು ಆರುವ ಮೊದಲೇ, ಎಲ್ಲಿತ್ತೋ ಏನೋ, ಮಳೆ ಸುರಿಯಿತು.

"ಮಳೆ ಅಂತ್ಲೇ ಅಂದಿದ್ರಲ್ಲಣ್ಣಾ!" ಒದ್ದೆ ಪಂಚೆಗಳನ್ನು ಬಾಚಿಕೊಳ್ಳುತ್ತ ಜವರಮ್ಮ ಮೇಲಿನಿಂದ ಕೂಗಿದಳು.

ಹೌದಲ್ಲ! ಜೀವಮಾನದಲ್ಲಿ ಮೊದಲ ಸಲ ಅವನು ಹೇಳಿದ ಮಳೆ ಬಂದಿತ್ತು. ಬಸವಯ್ಯನಿಗೆ ತಡೆಯಲಾಗಲಿಲ್ಲ. "ಲೇ, ಕೇಳ್ದೇನೇ..." ಎನ್ನುತ್ತ ಅಡುಗೆಮನೆಯವರೆಗೆ ಓಡಿದವನು ಹೊಸ್ತಿಲಲ್ಲೇ ನಿಂತುಬಿಟ್ಟ.