ಹದಿನಾಲ್ಕನೇ ನಂಬರಿನ ಅಂಗಡಿಗೆ ಸಿಕ್ಕ ಹಕ್ಕುಗಳು

ಸಾಲ ಮಾಡದವರಿಗೆ ವಸೂಲಿಗಾರರ ವಿರುದ್ಧ ಯಾವ ಹಕ್ಕೂ ಇರುವುದಿಲ್ಲ. ಫೈನಾನ್ಸ್ ಕಂಪನಿಯ ನಿಯಮಾವಳಿಯಲ್ಲಿ ಇದು ಸ್ಪಷ್ಟವಾಗಿದೆ. ಟೈಲರಮ್ಮನಿಗೆ ಮಾತ್ರ ಗೊತ್ತಿರಲಿಲ್ಲ. ಪಾಪ, ಅವಳು ಜನ್ಮದಲ್ಲಿ ಸಾಲ ಮಾಡಿದವಳಲ್ಲ.

ಅವಳ ಹದಿನಾಲ್ಕನೇ ನಂಬರಿನ ಅಂಗಡಿಯಲ್ಲಿ ಅವಳಿಗಿಂತ ಮುಂಚೆ ಇದ್ದ ವಾಚ್ ರಿಪೇರಿಯವನು ಸಾಲ ಮಾಡಿ ಕಂಬಿ ಕಿತ್ತಿದ್ದ. ವಸೂಲಿಗಾರನಿಗೆ ಅಂಗಡಿ ಸಿಕ್ಕಿತ್ತು, ಅಷ್ಟು ಸಾಕಾಗಿತ್ತು. ಬೆಳಗಾಗುವುದೇ ತಡ ಬಂದು ನಿಂತು, "ಏಯ್ ವಾಚಿನವನೇ, ದುಡ್ಡು ಇಡು, ಇಲ್ಲ ಈ ಮಿಷನ್ ಎತ್ಕೊಂಡು ಹೋಗ್ತೀನಿ!" ಎಂದು ಅವಳ ಮುಖ ನೋಡಿಕೊಂಡೇ ಕೂಗುತ್ತಿದ್ದ. ಆ ಹೊಲಿಗೆ ಮಿಷನ್ನೇ ಅವಳ, ಅವಳ ಇಬ್ಬರು ಮಕ್ಕಳ ಅನ್ನ. ಅದರ ಮೇಲೆ ಅವನ ಕಣ್ಣು ಬಿದ್ದಾಗೆಲ್ಲ ಅವಳು ಅಡ್ಡ ನಿಲ್ಲುತ್ತಿದ್ದಳು.

ಕೊನೆಗೆ ಕಂಪನಿಗೇ ಹೋದಳು. ಅಲ್ಲಿ ಗೋಡೆಯ ಮೇಲೆ ಗ್ರಾಹಕರ ಏಳು ಹಕ್ಕುಗಳಿಗೆ ಗಾಜು ಹಾಕಿಸಿ ಇಟ್ಟಿದ್ದರು: ಒಂಬತ್ತು ಗಂಟೆಗೆ ಮುಂಚೆ ಬರುವಂತಿಲ್ಲ, ದನಿ ಏರಿಸುವಂತಿಲ್ಲ, ಬಹುವಚನ ಕಡ್ಡಾಯ, ಇತ್ಯಾದಿ.

"ಇದರಲ್ಲಿ ಒಂದೂ ನನಗೆ ಸಿಕ್ಕಿಲ್ಲ ಸಾರ್."

ಹಕ್ಕು ವಿಭಾಗದ ಅಧಿಕಾರಿ ಕನ್ನಡಕ ಏರಿಸಿದರು. "ಎಷ್ಟು ಸಾಲ ತಗೊಂಡಿದ್ದೀರಮ್ಮಾ?"

"ಒಂದು ಪೈಸೆನೂ ಇಲ್ಲ."

"ಮತ್ತೆ ನೀವು ಗ್ರಾಹಕರೇ ಅಲ್ಲವಲ್ಲ! ನಿಮಗೆ ಕೊಟ್ರೆ ನಾಳೆ ದಾರೀಲಿ ಹೋಗೋರೆಲ್ಲ ಬಂದು ಹಕ್ಕು ಕೇಳ್ತಾರೆ."

ಮಾತಿನಲ್ಲಿ ನ್ಯಾಯವಿತ್ತು. ದಾರಿಯನ್ನೂ ಅವರೇ ತೋರಿಸಿದರು: ಒಂದು ಸಣ್ಣ ಸಾಲ ಮಾಡಿದರೆ ಏಳೂ ಹಕ್ಕುಗಳು ಅದೇ ದಿನ ಜಾರಿ. ಅವಳು ಮಿಷನ್ನನ್ನು ಅಡಮಾನ ಬರೆದುಕೊಟ್ಟಳು. ಹಕ್ಕು ನೋಂದಣಿ, ದೂರಿನ ಶುಲ್ಕ, ಗಾಜು ಒರೆಸುವ ಖರ್ಚು ಕಳೆದು ಕೈಗೆ ಬಂದದ್ದು ಬಸ್ ಚಾರ್ಜು.

ಮೂರು ಕಂತು ತಪ್ಪದೆ ಕಟ್ಟಿದಳು. ಹಳೇ ಬಾಕಿ ಮೊದಲು ತೀರಬೇಕೆಂಬ ನಿಯಮವಿದ್ದುದರಿಂದ ಕಂಪನಿ ಅಷ್ಟನ್ನೂ ಹದಿನಾಲ್ಕನೇ ನಂಬರಿನ ವಾಚಿನವನ ಲೆಕ್ಕಕ್ಕೆ ಜಮಾ ಮಾಡಿತು; ಅವಳ ಲೆಕ್ಕದಲ್ಲಿ ಮೂರೂ ಕಂತು ಬಾಕಿ ಉಳಿದವು.

"ಇದು ಅನ್ಯಾಯ ಅಲ್ವಾ ಸಾರ್?"

"ಅನ್ಯಾಯವೇ ಅಮ್ಮಾ. ಆದ್ರೆ ಈಗ ದೂರು ಕೊಡೋಕೆ ನಿಮಗೆ ಹಕ್ಕಿದೆ ನೋಡಿ!" ಎಂದು ಅಧಿಕಾರಿ ಮನಸಾರೆ ಸಂತೋಷಪಟ್ಟು ಶುಲ್ಕ ತೆಗೆದುಕೊಂಡರು.

ನಾಲ್ಕನೇ ತಿಂಗಳು, ಸರಿಯಾಗಿ ಒಂಬತ್ತಕ್ಕೆ, ವಸೂಲಿಗಾರ ಬಾಗಿಲು ತಟ್ಟಿದ. "ನಮಸ್ಕಾರ ಅಮ್ಮಾ. ತಾವು ಅಪ್ಪಣೆ ಕೊಟ್ರೆ ಮಿಷನ್ ತಗೊಂಡು ಹೋಗ್ತೀನಿ." ಸೂಜಿಗೆ ಸಿಕ್ಕಿದ್ದ ಅರ್ಧ ಹೊಲಿದ ಶಾಲೆಯ ಅಂಗಿಯನ್ನು ಮೆಲ್ಲಗೆ ಬಿಡಿಸಿ, ಮಡಿಸಿ, ಅವಳ ಕೈಗಿಟ್ಟ. ಅವಳದೇ ಹೆಸರಿಗೆ ರಸೀದಿಯನ್ನೂ ಬರೆದುಕೊಟ್ಟ. ಟೈಲರಮ್ಮನಿಗೆ ಅಳು ಒತ್ತರಿಸಿ ಬಂತು. ಆದರೆ ಇಷ್ಟು ಮರ್ಯಾದಸ್ಥನ ಮೇಲೆ ರೇಗುವುದಾದರೂ ಹೇಗೆ? 'ಸೇವೆ ತೃಪ್ತಿಕರ' ಎಂದಿದ್ದ ಕಡೆ ಸಹಿ ಹಾಕಿದಳು.

ಪಕ್ಕದ ಸೈಕಲ್ ರಿಪೇರಿಯವನು ಎಲ್ಲವನ್ನೂ ನೋಡುತ್ತ ನಿಂತಿದ್ದ. "ಪುಣ್ಯವಂತೆ ಅಕ್ಕಾ ನೀವು. ಹೋದ ವಾರ ಇವನೇ ನಂಬರು ತಪ್ಪಿ ನಮ್ಮ ಅಂಗಡಿಗೆ ನುಗ್ಗಿ, ಅಮ್ಮ ಅಪ್ಪನ್ನೆಲ್ಲ ಬೈದು ಪಂಪ್ ಎತ್ಕೊಂಡು ಹೋದ."

"ನೀನು ಸಾಲ ಮಾಡಿದ್ಯಾ?"

"ಇಲ್ಲಕ್ಕಾ."

"ಅದಕ್ಕೇ ಮತ್ತೆ," ಎಂದಳು ಟೈಲರಮ್ಮ, ಅಂಗಿಯಿಂದ ಕಣ್ಣೊರೆಸಿಕೊಂಡು. "ನಾಳೆನೇ ಹೋಗಿ ಮಾಡು."