ಕೂಗಿದಾಗ ಇಲ್ಲದವರು

ಬೇರೆಯವರ ಮನೆ ಜಗಳ ಕಿವಿಗೆ ಬಿದ್ದರೆ ಒಲೆಯ ಮೇಲಿನ ಹಾಲನ್ನೂ ಮರೆಯುವವಳು ನಾನು. ಎಷ್ಟು ಹಾಲು ಉಕ್ಕಿದರೂ ಬುದ್ಧಿ ಬಂದಿರಲಿಲ್ಲ. ಕೊನೆಗೆ ಒಂದು ದಾವೆಯೇ ಉಕ್ಕಿ ಹೋಯಿತು.

ದಾವೆ ನನ್ನದೇ. ಎದುರಾಳಿ ನನ್ನ ಓರಗಿತ್ತಿ, ಭಾವನವರ ಹೆಂಡತಿ ಸರೋಜಕ್ಕ. ತೂಬಗೆರೆಯಲ್ಲಿ ನಮ್ಮೆರಡು ಮನೆಗಳ ನಡುವೆ ಒಂದು ಓಣಿ. ನಾನು ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುತ್ತಿದ್ದದ್ದು ಅದರಲ್ಲೇ. ನಮ್ಮ ಹಸು ಒಂದು ಬೆಳಿಗ್ಗೆ ಹಗ್ಗ ಕಿತ್ತುಕೊಂಡು ಹೋಗಿ ಅಕ್ಕನ ಕನಕಾಂಬರದ ಗಿಡಗಳನ್ನೆಲ್ಲ ಮೇಯ್ದು ಬಂತು. "ಹಸುಗೆ ಏನಕ್ಕಾ ಗೊತ್ತಾಗುತ್ತೆ" ಎಂದೆ. "ಹಸು ಕಟ್ಟೋರಿಗಾದ್ರೂ ಗೊತ್ತಾಗ್ಬೇಕಲ್ಲ" ಎಂದರು. ಮರುವಾರ ಓಣಿಗೆ ಗೇಟು ಬಂತು, ಗೇಟಿಗೆ ಬೀಗ ಬಂತು. ನಾನು ಊರೆಲ್ಲ ಸುತ್ತಿ ಡೇರಿಗೆ ಹೋಗುವಂತಾಯಿತು. ನಮ್ಮ ಯಜಮಾನರು ಬೇಡ ಬೇಡವೆಂದರೂ ದೊಡ್ಡಬಳ್ಳಾಪುರದ ಕೋರ್ಟಿನಲ್ಲಿ ಕೇಸು ಹಾಕಿದೆ.

ಅವತ್ತಿನ ವಾಯಿದೆಗೆ ನಮ್ಮ ವಕೀಲರಿಗೆ ದೇವನಹಳ್ಳಿಯಲ್ಲಿ ಬೇರೆ ಕೆಲಸವಿತ್ತು. "ಕೂಗಿದಾಗ ಎದ್ದು ನಿಂತು ಟೈಮ್ ಕೇಳಿ, ಅಷ್ಟೇ" ಎಂದಿದ್ದರು. ಬೇಗ ಹೋಗಿ ಕೂತೆ. ಪಕ್ಕದ ಕೋರ್ಟ್ ಹಾಲ್‌ನಲ್ಲಿ ಯಾರದೋ ಆಸ್ತಿ ಭಾಗದ ಕೇಸು. ತಾಯಿ ಮಗನ ವಿರುದ್ಧ ಸಾಕ್ಷಿ ಹೇಳುತ್ತಿದ್ದಳು. ಒಂದು ನಿಮಿಷ ಇಣುಕೋಣವೆಂದು ಹೋದವಳು ಬೆಂಚಿನ ಮೇಲೆ ಕೂತೇಬಿಟ್ಟೆ. ಅದು ಮುಗಿದು ಕಣ್ಣೊರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ನನ್ನ ಕೇಸನ್ನು ಕೂಗಿ ವಜಾ ಮಾಡಿಯಾಗಿತ್ತು.

ಅಳುತ್ತಲೇ ಫೋನು ಮಾಡಿ ಆದದ್ದನ್ನೆಲ್ಲ ಹೇಳಿದೆ. ವಕೀಲರು ಆದೇಶವನ್ನು ತರಿಸಿ ನೋಡಿ, "ಬದುಕಿದ್ರಿ ಬಿಡಿ. ಅವರ ಕಡೆಯಿಂದಲೂ ಯಾರೂ ಬಂದಿರಲಿಲ್ಲ. ಇಬ್ಬರೂ ಇಲ್ಲದೆ ವಜಾ ಆದ್ರೆ, ಕಾಲಮಿತಿಯೊಳಗೆ ಮತ್ತೆ ಹೊಸದಾಗಿ ಹಾಕ್ಬಹುದು" ಎಂದರು.

"ಅವರು ಬಂದಿದ್ದಿದ್ರೆ?"

"ಹೊಸ ದಾವೆ ಹಾಕೋ ಹಾಗೇ ಇರ್ಲಿಲ್ಲ. ತಿಂಗಳೊಳಗೆ ಸರಿಯಾದ ಕಾರಣ ತೋರಿಸಿ, ಹಳೇದನ್ನೇ ಮತ್ತೆ ತೆಗೀರಿ ಅಂತ ಬೇಡ್ಕೋಬೇಕಿತ್ತು. ಏನು ಕಾರಣ ಹೇಳ್ತಿದ್ರಿ? ಬೇರೆಯವರ ಮನೆ ಜಗಳ ಕೇಳ್ತಾ ಕೂತಿದ್ದೆ ಅಂತಲಾ?"

ಹಿಂದೆಮುಂದೆ ನೋಡದೆ ಹೊಸ ದಾವೆ ಹಾಕಿಸಿದೆ. ಈ ಸಲ ಭಾಷೆ ಖಾರವಾಗಿರಲಿ ಎಂದು ಪಕ್ಕದಲ್ಲೇ ಕೂತು 'ಹಠಮಾರಿ', 'ದುರುದ್ದೇಶದ ಹೆಂಗಸು' ಎಂಬ ಮಾತುಗಳನ್ನೆಲ್ಲ ಸೇರಿಸಿದೆ.

ಸಮನ್ಸು ತಲುಪಿದ ಸಂಜೆ ಅಕ್ಕ ತಾವೇ ಗೇಟು ತೆರೆದು ನಮ್ಮ ಹಿತ್ತಿಲಿಗೆ ಬಂದರು. ಅವರ ಸೊಸೆ ಆ ಮಾತುಗಳನ್ನೆಲ್ಲ ಓದಿ ಹೇಳಿದ್ದಳಂತೆ. ನಾನು ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡೆ.

"ಜಯಾ, ಅವತ್ತು ಕೂಗ್ದಾಗ ನಾನು ಬಾಗ್ಲಲ್ಲೇ ನಿಂತಿದ್ದೆ ಕಣೆ."

"ಮತ್ಯಾಕೆ ಇದ್ದೀನಿ ಅನ್ನಲಿಲ್ಲ?"

"ನಿನ್ನ ಹೆಸ್ರು ಕೂಗಿದ್ರು, ನೀನಿರ್ಲಿಲ್ಲ. ನಮ್ ಲಾಯರೂ ಇನ್ನೂ ಬಂದಿರ್ಲಿಲ್ಲ. ನೀನಿಲ್ದೆ ನಾನೊಬ್ಳೇ ಹೋಗಿ ನಿಂತ್ರೆ ನಿನ್ನ ಕೇಸು ಪೂರ್ತಿ ಹೊರಟೋಗುತ್ತೆ ಅಂತ ಅವರು ಮೊದ್ಲೇ ಹೇಳಿದ್ರು. ಯಾಕೋ ಕಾಲು ಏಳಲಿಲ್ಲ. ಮನೇಲೇ ಮಾತಾಡ್ಕೊಂಡ್ರಾಯ್ತು, ನೀನೇ ಬರ್ತೀಯ ಅಂತ ಕಾದೆ. ನೀನು ಇದನ್ನ ಕಳಿಸ್ದೆ."

ಸಿಕ್ಕಿಸಿಕೊಂಡ ಸೆರಗನ್ನು ಏನು ಮಾಡಬೇಕೋ ತಿಳಿಯಲಿಲ್ಲ. "ಕೂತ್ಕೊಳ್ಳಕ್ಕಾ, ಕಾಫಿ ಇಡ್ತೀನಿ" ಎಂದೆ. ಅವರು ಕೂರಲಿಲ್ಲ.

ಮರುದಿನವೇ ವಕೀಲರ ಬಳಿ ಓಡಿದೆ. ದಾವೆ ವಾಪಸು ತೆಗೆಯಿರಿ ಎಂದಾಗ ಅವರು ಕನ್ನಡಕ ತೆಗೆದು ನೋಡಿದರು. "ಮತ್ತೆ ಹಾಕೋಕೆ ಕೋರ್ಟಿನ ಅನುಮತಿ ಕೇಳ್ಲಾ? ಅದಿಲ್ದೆ ವಾಪಸ್ ತಗೊಂಡ್ರೆ ಇದೇ ವಿಷಯಕ್ಕೆ ಇನ್ನೊಂದ್ಸಲ ಬರೋಕಾಗಲ್ಲ."

"ಕೇಳ್ಬೇಡಿ ಸಾರ್. ನನ್ನ ನಾನು ನಂಬೋ ಹಾಗಿಲ್ಲ."

ಸುದ್ದಿ ಮುಟ್ಟಿತೆಂದು ಕಾಣುತ್ತದೆ, ಅಕ್ಕ ಬೀಗ ತೆಗೆದುಬಿಟ್ಟರು. ಕೇಸಿಗೆ ಮುಂಚೆ ನಾನು ಹಾದು ಹೋಗುವಾಗ ಅಡುಗೆಮನೆ ಕಿಟಕಿಯಿಂದ "ಸಾರು ಏನೇ?" ಎಂದು ಕೇಳುತ್ತಿದ್ದರು. ಈಗ ಒಳಗೆ ಪಾತ್ರೆಯ ಸದ್ದು ಮಾತ್ರ. ಒಂದೆರಡು ದಿನ ಆ ಸದ್ದು ಕೇಳಿಕೊಂಡು ಓಡಾಡಿದೆ, ಆಮೇಲೆ ಆಗಲಿಲ್ಲ.

ಮೊನ್ನೆ ಯಜಮಾನರು ಕೇಳಿಯೇಬಿಟ್ಟರು: "ಗೇಟು ತೆರೆದೇ ಇದೆಯಲ್ಲೇ, ಕ್ಯಾನು ಹೊತ್ಕೊಂಡು ಇನ್ನೂ ಯಾಕೆ ಊರು ಸುತ್ತಿ ಹೋಗ್ತೀಯ?"

"ಡಾಕ್ಟ್ರು ನಡೀರಿ ಅಂದಿದ್ದಾರೆ" ಎಂದೆ.